ವಿಷಯ: ತುರ್ತು

ಪೀಟರ್‌ಹೆಡ್ ಬಂದರು, ಕಚೇರಿಯ ಎರಡನೇ ಮಹಡಿ,
ಉಪ್ಪು ಕಚ್ಚಿದ ಕಿಟಕಿಗಾಜು.
ಸತ್ತ ನಾವಿಕರ ಬಾಕಿ ಸಂಬಳದ ಲೆಕ್ಕ ನನ್ನದು,
ಹನ್ನೊಂದು ವರ್ಷದಿಂದ ಇದೇ ಕುರ್ಚಿ,
ಗಾಲಿಯೊಂದು ಮಾತ್ರ ಎರಡು ಸಲ ಬದಲಾಗಿದೆ.

ಬೆಳಿಗ್ಗೆ ಆರೂ ಹತ್ತಕ್ಕೆ ಪಟ್ಟಿ ಬಂದಿರುತ್ತದೆ:
'ನಿಮ್ಮ ಸುರಕ್ಷತೆಗಾಗಿ ತಡೆದ ಪತ್ರಗಳು, ನಲವತ್ತೇಳು.'
ತಡೆಯಿರೆಂದು ನಾನು ಕೇಳಿದವಳಲ್ಲ.
ನಿಲ್ಲಿಸುವ ಗುಂಡಿ ಹುಡುಕಿದೆ, ಸಿಕ್ಕಿತು;
ಬೂದು ಬಣ್ಣ, ಒತ್ತಿದರೆ ಅಲುಗದು,
ಗೋಡೆಯ ಮೇಲೆ ಬಿಡಿಸಿದ ಬಾಗಿಲ ಹಾಗೆ.

ರಾಟರ್‌ಡ್ಯಾಮಿನ ಯೋಸ್ಟ್ ಫೋನಿನಲ್ಲಿ ಬಲು ಮರ್ಯಾದಸ್ಥ:
ಆರಿಸುವುದು ಅದರ ಕೆಲಸವಂತೆ,
ಅದನ್ನೇ ಆರಿಸುವ ಹಾಗಿಲ್ಲವಂತೆ.
ಆರದ ದೀಪ ನಾನೂ ಕಂಡಿದ್ದೇನೆ, ಕಡಲ ತುದಿಯಲ್ಲಿ,
ಹಡಗು ದಡ ಸೇರಲೆಂದು ಉರಿಯುವಂಥದು.

ಈ ಜರಡಿಯ ರುಚಿಯೇ ಬೇರೆ.
ತಂಗಿ ಎಲ್ಸ್‌ಪೆತ್ ಕಳಿಸಿದ ಕಿತ್ತಳೆ ಮುರಬ್ಬದ ಅಳತೆ
ಅದಕ್ಕೆ ಅಪಾಯ. ಸಕ್ಕರೆ ಜಾಸ್ತಿಯಾಯಿತೋ ಏನೋ.
ಹಲ್ಲಿನ ಡಾಕ್ಟರು ಕೊಟ್ಟ ತಾರೀಖು ಅಪಾಯ.
'ನಿಮ್ಮ ಪಾರ್ಸೆಲ್ ಗೋದಾಮಿನಲ್ಲಿ ಕೊಳೆಯುತ್ತಿದೆ,
ಕಾರ್ಡಿನ ನಂಬರು ಕೊಡಿ' ಎನ್ನುವವನು ಮಾತ್ರ
ಟೈ ಸರಿಮಾಡಿಕೊಂಡು ಮುಂಬಾಗಿಲಿನಿಂದಲೇ ಬರುತ್ತಾನೆ.

ಅಕ್ಟೋಬರಿನ ಒಂದು ಮಂಗಳವಾರ
ಚಹಾ ಆರುವ ತನಕ ಮಾಡಲು ಬೇರೇನೂ ಇಲ್ಲದೆ
ಪಟ್ಟಿಯ ತಳದವರೆಗೂ ಇಳಿದೆ.
ಕಲಾಬಾರ್, ನೈಜೀರಿಯಾ. ವಿಷಯ: ತುರ್ತು.
'ಪ್ರಿಯ ಅಧಿಕಾರಿಗಳೇ, ದೇವರ ಹೆಸರಿನಲ್ಲಿ ವಂದನೆ.
ನಾನು ವಿಧವೆ. ಗಂಡ ಸಮುದ್ರದಲ್ಲಿ ತೀರಿಕೊಂಡ.
ಅವನ ಹೆಸರಿನ ಹಣ ನಿಮ್ಮ ಬಳಿ ಇದೆ.
ದಯವಿಟ್ಟು ಗುಟ್ಟಾಗಿರಲಿ, ಅವನ ಅಣ್ಣಂದಿರ ಕಿವಿಗೆ ಬೀಳದಿರಲಿ.'

ನಕ್ಕೆ.
ಅಳಿಸುವ ಗುಂಡಿಯ ಮೇಲೆ ಬೆರಳೂ ಇಟ್ಟೆ,
ಆ ಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ.
ಕೊನೆಯ ಸಾಲು ಅಷ್ಟರಲ್ಲಿ ಕಣ್ಣಿಗೆ ಬಿತ್ತು:
'ಎಡಗೈಗೆ ನಾಲ್ಕೇ ಬೆರಳು, ಒಂದನ್ನು ವಿಂಚು ತಿಂದಿತ್ತು.
ಸಹಿಯನ್ನು ಕೆಳಗಿನಿಂದ ಮೇಲಕ್ಕೆ ಹಾಕುತ್ತಿದ್ದ.
ಇದು ನನ್ನ ಹದಿನಾಲ್ಕನೆಯ ಪತ್ರ. ಆರಿಟ್.'

ಕಪಾಟಿನಲ್ಲಿ ಕಡತವಿತ್ತು.
ಅಸುಕೊ ಎಫಿಯಾಂಗ್, ಎಂಜಿನ್ ಕೋಣೆಯ ಎಣ್ಣೆಗಾರ.
ಸಹಿ, ಗೋಡೆ ಹತ್ತುವ ಇರುವೆಸಾಲು.
ಬಾಕಿ ಏಳು ತಿಂಗಳು ಒಂಬತ್ತು ದಿನ.
ಷರಾ: 'ವಾರಸುದಾರರು ಸಂಪರ್ಕಿಸಿಲ್ಲ.'
ಕೈಬರಹ ನನ್ನದೇ.

ತಡೆದ ಪತ್ರ ಮೂವತ್ತು ದಿನಕ್ಕೆ ತಾನಾಗಿ ಆವಿಯಾಗುತ್ತದೆ.
ಹದಿಮೂರು ಸಲ ಆವಿಯಾಗಿದ್ದಳು.
ಬೇಲಿ ಎದ್ದು ಹೊಲ ಮೇಯ್ದಿದ್ದರೆ ಗಾದೆಯಾದರೂ ಇತ್ತು;
ಇದು ಹೊಲದೊಡತಿಯನ್ನೇ ಹೊರಗೆ ನಿಲ್ಲಿಸಿದ ಬೇಲಿ.
ಸುಳ್ಳು ಅವಳ ಬಟ್ಟೆ ಕದ್ದುಟ್ಟು ಲೋಕವೆಲ್ಲ ತಿರುಗಿತ್ತು,
ತನ್ನದೇ ಬಟ್ಟೆಯಲ್ಲಿ ಅವಳು ಬಂದಾಗ
ಕಳ್ಳಿಯೆಂದರು.

ಆವತ್ತೇ ಉತ್ತರಿಸಿದೆ:
'ಪ್ರಿಯ ಶ್ರೀಮತಿಯವರೇ, ದೊಡ್ಡ ಮೊತ್ತ ನಿಮಗೆ ಬರಬೇಕಿದೆ.
ಬ್ಯಾಂಕ್ ಖಾತೆಯ ವಿವರ ಕಳಿಸಿ. ತುರ್ತು.'
ಒಂದು ವಾರ. ಮೂರು ವಾರ.
ನನ್ನ ಪತ್ರವನ್ನು ನಾನೇ ಮತ್ತೆ ಓದಿದೆ,
ನಗು ಬರಲಿಲ್ಲ.
ಕಲಾಬಾರಿನಲ್ಲೂ ಯಾರೋ ಯೋಸ್ಟ್ ಇರಬಹುದು,
ಅಲ್ಲೂ ಬೂದು ಗುಂಡಿ.
ಅಥವಾ ಅವಳೇ ಓದಿ, ಎಷ್ಟು ಕಂಡಿಲ್ಲ ಇಂಥವರನ್ನು,
ಎಂದು ಅಳಿಸಿರಬಹುದು.

ಕಾಗದ ತೆಗೆದೆ. ಪೆನ್ನು ಮೊದಲ ಎರಡು ಸಾಲು ಬರೆಯಲೇ ಇಲ್ಲ,
ಅಂಗೈ ಮೇಲೆ ಗೀಚಿ ಗೀಚಿ ಒಲಿಸಿದೆ.
ನಾನು ಸುಳ್ಳಲ್ಲ ಎನ್ನುವುದಕ್ಕೆ
ಅವನ ಸಹಿಯ ನಕಲೊಂದನ್ನು ಮಡಿಸಿಟ್ಟೆ,
ಇರುವೆಗಳು ನಲುಗದ ಹಾಗೆ.
ಹೊರಗೆ ಗಾಳಿ, ಹೆರಿಂಗ್ ವಾಸನೆ, ಕೋಟಿನ ಗುಂಡಿ ಹಾಕಿರಲಿಲ್ಲ.
ಬೀದಿಕೊನೆಯ ಕೆಂಪು ಡಬ್ಬಿ
ವಿಷಯವೇನೆಂದು ಕೇಳದೆ
ಬಾಯಿ ತೆರೆದೇ ನಿಂತಿತ್ತು.